ಓಟಕ್ಕೆ ಮುಂಚಿನ ದಾರಿ

ಓಟದ ಪಂದ್ಯವನ್ನು ನೋಡಲು ನಿಂತವರ ಕಣ್ಣಿಗೆ ಎರಡು ಗೆರೆಗಳು ಕಾಣುತ್ತವೆ. ಒಂದು, ಓಟಗಾರರು ಹೊರಡುವ ಗೆರೆ. ಇನ್ನೊಂದು, ಅವರು ಮುಟ್ಟುವ ಗೆರೆ. ಇವೆರಡರ ನಡುವೆ ನಡೆಯುವುದನ್ನು ನಾವು ಓಟವೆಂದು ಕರೆಯುತ್ತೇವೆ. ಗೆದ್ದವರಿಗೆ ಚಪ್ಪಾಳೆ ತಟ್ಟುತ್ತೇವೆ; ಸೋತವರನ್ನು ಮರೆಯುತ್ತೇವೆ. ಆದರೆ ಮೊದಲನೆಯ ಗೆರೆಯ ಬಳಿಗೆ ಬಂದು ನಿಲ್ಲುವುದಕ್ಕಾಗಿ ಓಟಗಾರನು ಎಷ್ಟು ದಾರಿಯನ್ನು ಸವೆಸಿರುತ್ತಾನೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಅದರಲ್ಲಿಯೂ ಸ್ವದೇಶವನ್ನು ಬಿಟ್ಟು ಪರದೇಶಕ್ಕೆ ಹೋಗಿ ಮ್ಯಾರಥಾನ್ ಓಡುವವರ ಪಾಲಿಗೆ ಆ ದಾರಿಯು ಓಟಕ್ಕಿಂತಲೂ ಎಷ್ಟೋ ಪಾಲು ದೊಡ್ಡದು. ಆ ದಾರಿಯಲ್ಲಿ ಎಡವಿದವರಿಗೆ ಕಾಲಿನ ಬಲವೊಂದೇ ನೆರವಾಗಲಾರದು.

ಮ್ಯಾರಥಾನ್ ಎಂಬುದು ಗ್ರೀಸ್ ದೇಶದ ಒಂದು ಬಯಲಿನ ಹೆಸರು. ಕ್ರಿಸ್ತಪೂರ್ವ 490ರಲ್ಲಿ ಅಲ್ಲಿ ನಡೆದ ಯುದ್ಧದಲ್ಲಿ ಪರ್ಷಿಯನ್ನರು ಸೋತ ವಾರ್ತೆಯನ್ನು ದೂತನೊಬ್ಬನು ಅಥೆನ್ಸ್ ನಗರಕ್ಕೆ ಓಡಿಬಂದು ತಿಳಿಸಿ ಪ್ರಾಣ ಬಿಟ್ಟನೆಂದು ಐತಿಹ್ಯವಿದೆ. ಅದರ ನೆನಪಿಗಾಗಿ 1896ರ ಅಥೆನ್ಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಈ ಓಟವನ್ನು ಸೇರಿಸಲಾಯಿತು. 1908ರಲ್ಲಿ ಲಂಡನ್ನಿನಲ್ಲಿ ಓಡಿದ 26 ಮೈಲಿ 385 ಗಜಗಳ ದೂರವೇ, ಅಂದರೆ 42.195 ಕಿಲೋಮೀಟರುಗಳೇ, 1921ರಲ್ಲಿ ಮ್ಯಾರಥಾನಿನ ಅಧಿಕೃತ ದೂರವೆಂದು ಗೊತ್ತಾಯಿತು. ನಮ್ಮ ದೇಹವು ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟುಕೊಳ್ಳುವ ಸಕ್ಕರೆಯ ಅಂಶವು ಸಾಮಾನ್ಯವಾಗಿ 30 ಕಿಲೋಮೀಟರುಗಳ ಆಸುಪಾಸಿನಲ್ಲಿ ಬರಿದಾಗತೊಡಗುತ್ತದೆ. ಅಲ್ಲಿಂದ ಮುಂದೆ ಓಟಗಾರನನ್ನು ಕೈಹಿಡಿದು ನಡೆಸುವುದು ಅವನು ಹಿಂದಿನ ತಿಂಗಳುಗಳಲ್ಲಿ ಮಾಡಿಕೊಂಡ ಸಿದ್ಧತೆ. ಇಂತಹ ಸಿದ್ಧತೆಯ ಬೆಲೆಯನ್ನು ಸೋತು ತಿಳಿದ, ತಿಳಿದುದನ್ನು ಇತರರಿಗೆ ದಾರಿಬುತ್ತಿಯಾಗಿ ಕಟ್ಟಿಕೊಟ್ಟ ಜಪಾನಿನ ಓಟಗಾರರೊಬ್ಬರ ಕಥೆಯನ್ನು ಇಲ್ಲಿ ನೋಡೋಣ.

ಶಿಜೊ ಕನಾಕುರಿಯವರು 1891ರಲ್ಲಿ ಜಪಾನಿನ ಕ್ಯೂಶೂ ದ್ವೀಪದ ಕುಮಾಮೊಟೊ ಪ್ರಾಂತದ ಒಂದು ಹಳ್ಳಿಯಲ್ಲಿ ಹುಟ್ಟಿದರು. ಶಾಲೆಯು ಮನೆಯಿಂದ ಸುಮಾರು 6 ಕಿಲೋಮೀಟರು ದೂರ. ಬೆಟ್ಟದ ದಾರಿಯಲ್ಲಿ ದಿನವೂ ಓಡುತ್ತ ಹೋಗಿ ಓಡುತ್ತ ಬರುತ್ತಿದ್ದ ಬಾಲಕನ ಕಾಲುಗಳು ಅರಿವಿಲ್ಲದೆಯೇ ಪಳಗಿದವು. ಮುಂದೆ ಅವರು ಟೋಕಿಯೊದ ಉನ್ನತ ಶಿಕ್ಷಕರ ಶಾಲೆಯನ್ನು ಸೇರಿದರು. ಅಲ್ಲಿಯ ಮುಖ್ಯಸ್ಥರಾಗಿದ್ದವರು ಜೂಡೊ ವಿದ್ಯೆಯನ್ನು ಸ್ಥಾಪಿಸಿದ ಜಿಗೊರೊ ಕಾನೊ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಏಷ್ಯಾ ಖಂಡದಿಂದ ಆಯ್ಕೆಯಾದ ಮೊದಲ ಸದಸ್ಯರೂ ಅವರೇ. 1912ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ನಡೆಯಲಿದ್ದ ಒಲಿಂಪಿಕ್ ಕ್ರೀಡೆಗಳಿಗೆ ಜಪಾನಿನಿಂದಲೂ ಕ್ರೀಡಾಪಟುಗಳನ್ನು ಕಳುಹಿಸಬೇಕೆಂದು ಅವರು ಸಂಕಲ್ಪಿಸಿದರು. 1911ರ ನವೆಂಬರಿನಲ್ಲಿ ಹನೇಡಾ ಎಂಬಲ್ಲಿ ಆಯ್ಕೆಯ ಓಟ ನಡೆಯಿತು. ಕನಾಕುರಿಯವರು ಸುಮಾರು 40 ಕಿಲೋಮೀಟರುಗಳ ದೂರವನ್ನು 2 ಗಂಟೆ 32 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿದರು. ಅದೊಂದು ವಿಶ್ವದಾಖಲೆಯೆಂದು ಸುದ್ದಿಯಾಯಿತು. ಆ ದಾರಿಯ ಅಳತೆ ಕರಾರುವಾಕ್ಕಾಗಿತ್ತೇ ಎಂಬ ಅನುಮಾನವನ್ನು ಅನಂತರ ಕೆಲವರು ಎತ್ತಿದ್ದುಂಟು. ಅದೇನೇ ಇರಲಿ, ಇಪ್ಪತ್ತು ವರ್ಷದ ಈ ವಿದ್ಯಾರ್ಥಿಯ ಮೇಲೆ ಒಂದು ದೇಶದ ನಿರೀಕ್ಷೆಯ ಭಾರವು ಬಿದ್ದಿತು.

ಆಯ್ಕೆಯಾದವರು ಇಬ್ಬರೇ: ದೂರದ ಓಟಕ್ಕೆ ಕನಾಕುರಿ, ವೇಗದ ಓಟಕ್ಕೆ ಯಾಹಿಕೊ ಮಿಶಿಮಾ. ಕಳುಹಿಸುವುದಕ್ಕೆ ಹಣವೆಲ್ಲಿ? ಹಳ್ಳಿಯ ಮನೆಯವರಿಂದ ಅಷ್ಟು ದೊಡ್ಡ ಮೊತ್ತವನ್ನು ಕೇಳಲು ಕನಾಕುರಿಯವರಿಗೆ ಮನಸ್ಸು ಬಾರದು. ಆಗ ಶಾಲೆಯ ಸಹಪಾಠಿಗಳು ಮುಂದೆ ಬಂದು ಚಂದಾ ಎತ್ತಿದರು. ಮನೆಯವರೂ ಕೈಲಾದಷ್ಟನ್ನು ಕೂಡಿಸಿದರು. ಹೀಗೆ ಹತ್ತಾರು ಕೈಗಳಿಂದ ಬಂದ ಹಣವು ಹೊರಡುವವರ ಜೇಬನ್ನು ತುಂಬಿಸಿದಂತೆಯೇ ಅವರ ಹೆಗಲನ್ನೂ ಭಾರವಾಗಿಸಿತು.

ಓಟದ ಅಭ್ಯಾಸದ ಜೊತೆಜೊತೆಗೆ ಪ್ರಯಾಣದ ಸಿದ್ಧತೆಯೂ ನಡೆಯಬೇಕಾಗಿತ್ತು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಯುರೋಪಿನ ಬಹುಪಾಲು ದೇಶಗಳಲ್ಲಿ ಪ್ರಯಾಣಿಕರಿಂದ ಪಾಸ್‌ಪೋರ್ಟನ್ನು, ಅಂದರೆ ರಹದಾರಿ ಪತ್ರವನ್ನು, ಕೇಳುವ ಪದ್ಧತಿಯಿರಲಿಲ್ಲ. ಆದರೆ ರಷ್ಯಾ ದೇಶವು ಈ ವಿಷಯದಲ್ಲಿ ಕಟ್ಟುನಿಟ್ಟು. ಜಪಾನಿನಿಂದ ಯುರೋಪಿಗೆ ಬೇಗ ಹೋಗುವ ದಾರಿಯು ರಷ್ಯಾದ ಮೂಲಕವೇ ಇದ್ದುದರಿಂದ ಆ ಪತ್ರವಿಲ್ಲದೆ ಮುಂದೆ ಸಾಗುವಂತಿರಲಿಲ್ಲ. ಪಾಶ್ಚಾತ್ಯರ ಉಡುಪುಗಳನ್ನು ಹೊಲಿಸಬೇಕಾಯಿತು. ಚಾಕು ಚಮಚಗಳನ್ನು ಹಿಡಿದು ಉಣ್ಣುವ ರೀತಿಯನ್ನೂ ವ್ಯವಹಾರಕ್ಕೆ ಬೇಕಾದಷ್ಟು ಇಂಗ್ಲಿಷನ್ನೂ ಕಲಿಯಬೇಕಾಯಿತು. ಓಡುವುದಕ್ಕೆ ಕನಾಕುರಿಯವರು ನೆಚ್ಚಿದ್ದು 'ತಾಬಿ'ಯನ್ನು. ಹೆಬ್ಬೆರಳಿಗೆ ಬೇರೆ, ಉಳಿದ ಬೆರಳುಗಳಿಗೆ ಬೇರೆ ಗೂಡಿರುವ ಬಟ್ಟೆಯ ಪಾದರಕ್ಷೆಯದು.

1912ರ ಮೇ 16ರಂದು ಅವರು ಟೋಕಿಯೊದಿಂದ ಹೊರಟರು. ತ್ಸುರುಗಾ ಬಂದರಿನಿಂದ ಹಡಗು ಹತ್ತಿ ಸಮುದ್ರವನ್ನು ದಾಟಿ ವ್ಲಾಡಿವೊಸ್ಟಾಕ್ ಸೇರಿದರು. ಅಲ್ಲಿಂದ ಸೈಬೀರಿಯದ ರೈಲುಗಾಡಿ. ಹಗಲು ರಾತ್ರಿ ಒಂದೇ ಸಮನೆ ಗಾಲಿಗಳ ಸದ್ದು. ಕಿಟಕಿಯಾಚೆ ಕೊನೆಯೇ ಕಾಣದ ಕಾಡು ಮತ್ತು ಬಯಲು. ದಿನವೂ ಹತ್ತಾರು ಮೈಲಿ ಓಡಿ ರೂಢಿಯಾದ ದೇಹವು ಪೆಟ್ಟಿಗೆಯಂತಹ ಡಬ್ಬಿಯಲ್ಲಿ ಮುದುಡಿ ಕುಳಿತಿರಬೇಕಾಯಿತು. ಗಾಡಿ ನಿಂತ ನಿಲ್ದಾಣಗಳಲ್ಲಿ ಕನಾಕುರಿಯವರು ಕೆಳಗಿಳಿದು ಒಂದಿಷ್ಟು ಓಡಿ ಮತ್ತೆ ಹತ್ತುತ್ತಿದ್ದರೆಂದು ಹೇಳುತ್ತಾರೆ. ಸೇಂಟ್ ಪೀಟರ್ಸ್‌ಬರ್ಗ್ ತಲುಪಿ, ಮತ್ತೊಮ್ಮೆ ಹಡಗು ಹತ್ತಿ, ಜೂನ್ 2ರಂದು ಸ್ಟಾಕ್‌ಹೋಮ್ ಮುಟ್ಟುವಷ್ಟರಲ್ಲಿ ಎರಡು ವಾರಗಳಿಗೂ ಮೀರಿದ ಪ್ರಯಾಣದಿಂದ ದೇಹವು ನುಗ್ಗಾಗಿತ್ತು.

ಓಟಕ್ಕೆ ಇನ್ನೂ ಆರು ವಾರಗಳಿದ್ದವು. ಬಳಲಿಕೆ ನೀಗಿಸಿಕೊಳ್ಳಲು ಅಷ್ಟು ಕಾಲ ಸಾಲದೇ ಎಂದು ನಮಗೆ ಅನ್ನಿಸಬಹುದು. ಆದರೆ ಅಲ್ಲಿ ಬೇರೆ ತೊಡಕುಗಳು ಕಾದಿದ್ದವು. ಭೂಮಿಯ ಉತ್ತರ ಭಾಗದಲ್ಲಿರುವ ಆ ನಗರದಲ್ಲಿ ಬೇಸಗೆಯ ರಾತ್ರಿಗಳು ಪೂರ್ತಿ ಕತ್ತಲಾಗುವುದೇ ಇಲ್ಲ. ಬೆಳಕು ಆರದ ಕೋಣೆಯಲ್ಲಿ ನಿದ್ರೆ ಸುಳಿಯಲಿಲ್ಲ. ಊಟವು ನಾಲಗೆಗೂ ಹೊಟ್ಟೆಗೂ ಒಗ್ಗಲಿಲ್ಲ. ತಂಡದ ಮೇಲ್ವಿಚಾರಕರಾಗಿ ಬಂದಿದ್ದ ಹ್ಯೋಜೊ ಓಮೊರಿಯವರು ಕ್ಷಯರೋಗದಿಂದ ನರಳುತ್ತಿದ್ದರು; ತರಬೇತಿ ಕೊಡಬೇಕಾದವರೇ ಹಾಸಿಗೆ ಹಿಡಿದರು. ಮರುವರ್ಷವೇ ಅವರು ತೀರಿಕೊಂಡರು. ಪರದೇಶದಲ್ಲಿ ಹೇಗೆ ಉಣ್ಣಬೇಕು, ಹೇಗೆ ಮಲಗಬೇಕು, ಎಷ್ಟು ಓಡಬೇಕು, ಎಷ್ಟು ವಿಶ್ರಮಿಸಬೇಕು ಎಂದು ಹೇಳಿಕೊಡಲು ಕನಾಕುರಿಯವರಿಗಿಂತ ಮುಂಚೆ ಹೋಗಿಬಂದ ಸ್ವದೇಶದ ಓಟಗಾರರು ಒಬ್ಬರೂ ಇರಲಿಲ್ಲ.

ಜುಲೈ 14ರಂದು ಮ್ಯಾರಥಾನ್. ಅಂದು ಸ್ಟಾಕ್‌ಹೋಮ್ ನಗರವು ಸುಡುಬಿಸಿಲಿನಲ್ಲಿ ಬೇಯುತ್ತಿತ್ತು. ಉಷ್ಣಾಂಶವು 32 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಹೊರಟ 68 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರು ದಾರಿಯಲ್ಲಿಯೇ ಕೈಬಿಟ್ಟರು. ಪೋರ್ಚುಗಲ್ ದೇಶದ ಫ್ರಾನ್ಸಿಸ್ಕೊ ಲಾಜರೊ ಎಂಬ ಓಟಗಾರನು ಬಿಸಿಲಿನಿಂದ ಚರ್ಮವನ್ನು ಕಾಪಾಡಿಕೊಳ್ಳಲೆಂದು ಮೈಗೆ ಜಿಡ್ಡನ್ನು ಬಳಿದುಕೊಂಡಿದ್ದನಂತೆ. ಬೆವರು ಹೊರಬರಲು ದಾರಿಯಿಲ್ಲದೆ ಅವನು ಕುಸಿದುಬಿದ್ದು ಮರುದಿನ ಅಸುನೀಗಿದನು. ಕನಾಕುರಿಯವರು 26 ಕಿಲೋಮೀಟರುಗಳನ್ನು ದಾಟುವ ವೇಳೆಗೆ ಕಣ್ಣು ಕತ್ತಲಿಟ್ಟು ಪ್ರಜ್ಞೆ ತಪ್ಪಿದರು. ಸೊಲೆಂತೂನಾ ಎಂಬಲ್ಲಿ ದಾರಿಬದಿಯ ಒಂದು ಮನೆಯವರು ಅವರನ್ನು ಉಪಚರಿಸಿ ಹಣ್ಣಿನ ರಸವನ್ನು ಕೊಟ್ಟರು. ಚೇತರಿಸಿಕೊಂಡ ಮೇಲೆ ಅವರು ಕ್ರೀಡಾಂಗಣಕ್ಕೆ ಹೋಗಿ ತಿಳಿಸದೆ ನಗರದ ತಮ್ಮ ಬಿಡಾರಕ್ಕೆ ಹಿಂದಿರುಗಿದರು. ಓಟದಿಂದ ಹಿಂದೆ ಸರಿದ ಸುದ್ದಿಯು ಅಧಿಕಾರಿಗಳ ಪುಸ್ತಕದಲ್ಲಿ ಸರಿಯಾಗಿ ದಾಖಲಾಗಲಿಲ್ಲ. ಮುಂದೆ ಬಹಳ ವರ್ಷಗಳವರೆಗೆ ಸ್ವೀಡನ್ನಿನ ಜನರು 'ಕಾಣೆಯಾದ ಜಪಾನಿ ಓಟಗಾರ'ನ ಕಥೆಯನ್ನು ಹೇಳಿಕೊಳ್ಳುತ್ತಿದ್ದರು.

ಚಂದಾ ಕೊಟ್ಟ ಗೆಳೆಯರ ಮುಖವನ್ನು ಹೇಗೆ ನೋಡುವುದು? ಆ ತರುಣನನ್ನು ಬಾಧಿಸಿದ ಪ್ರಶ್ನೆಯಿದು. ಬಿಸಿಲನ್ನು ಹಳಿಯಬಹುದಾಗಿತ್ತು, ಅದೃಷ್ಟವನ್ನು ಶಪಿಸಬಹುದಾಗಿತ್ತು. ಕನಾಕುರಿಯವರು ಹಾಗೆ ಮಾಡದೆ ತಮ್ಮ ಸೋಲನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರು. ಬಿಸಿಲು ತಾಳಲಾಗಲಿಲ್ಲವೇ? ಬೇಸಗೆಯಲ್ಲಿ ಕಡಲ ತೀರಕ್ಕೆ ಹೋಗಿ ಸುಡುವ ಮರಳಿನ ಬಳಿ ಓಡಿ ದೇಹವನ್ನು ಹದಗೊಳಿಸಿದರು. ಬಟ್ಟೆಯ ತಾಬಿಯು ಗಟ್ಟಿ ರಸ್ತೆಗೆ ಸಾಲಲಿಲ್ಲವೇ? ಟೋಕಿಯೊದ ತಾಬಿ ತಯಾರಕರೊಬ್ಬರೊಡನೆ ಸೇರಿ ರಬ್ಬರಿನ ಅಡಿಯುಳ್ಳ ತಾಬಿಯನ್ನು ರೂಪಿಸಿದರು. ಒಬ್ಬರನ್ನೋ ಇಬ್ಬರನ್ನೋ ಕಳುಹಿಸಿದರೆ ಸಾಲದು, ಓಟಗಾರರ ಒಂದು ಪೀಳಿಗೆಯನ್ನೇ ಬೆಳೆಸಬೇಕು ಎಂದು ಮನಗಂಡರು. 1920ರಲ್ಲಿ ಆರಂಭವಾದ, ಟೋಕಿಯೊದಿಂದ ಹಕೋನೆ ಬೆಟ್ಟದವರೆಗೆ ಹೋಗಿಬರುವ ವಿದ್ಯಾರ್ಥಿಗಳ ಸರದಿ ಓಟಕ್ಕೆ ಕಾರಣರಾದವರಲ್ಲಿ ಅವರೂ ಒಬ್ಬರು. ಆ ಓಟವು ಇಂದಿಗೂ ಪ್ರತಿವರ್ಷ ಹೊಸವರ್ಷದ ದಿನಗಳಲ್ಲಿ ನಡೆಯುತ್ತಿದೆ. 1951ರಲ್ಲಿ ಶಿಗೆಕಿ ತನಾಕಾ ಎಂಬ ಜಪಾನಿ ತರುಣನು ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಗೆದ್ದಾಗ ಅವನ ಕಾಲಲ್ಲಿದ್ದುದು ತಾಬಿಯಂತೆ ಹೆಬ್ಬೆರಳನ್ನು ಬೇರ್ಪಡಿಸಿದ ಪಾದರಕ್ಷೆಯೇ.

1916ರ ಒಲಿಂಪಿಕ್ ಕ್ರೀಡೆಗಳನ್ನು ಯುದ್ಧವು ನುಂಗಿತು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ಕನಾಕುರಿಯವರು ಮತ್ತೆ ಮ್ಯಾರಥಾನ್ ಗೆರೆಯ ಬಳಿ ನಿಂತರು. ಅದೇ ಗೆರೆಯ ಬಳಿ ನಮ್ಮ ಬೆಳಗಾವಿಯ ಓಟಗಾರರೊಬ್ಬರೂ ನಿಂತಿದ್ದರು. ಅವರ ಹೆಸರು ಫಡೆಪ್ಪ ದಾರೆಪ್ಪ ಚೌಗುಲೆ.

ಚೌಗುಲೆಯವರು ಅಲ್ಲಿಗೆ ತಲುಪಿದ ಬಗೆಯೂ ತಿಳಿಯತಕ್ಕದ್ದೇ. ಆ ಕಾಲದಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಅಧ್ಯಕ್ಷರಾಗಿದ್ದವರು ಉದ್ಯಮಿ ದೊರಾಬ್ಜಿ ಟಾಟಾ. ಅಲ್ಲಿಯ ಕ್ರೀಡಾಕೂಟದಲ್ಲಿ ರೈತಾಪಿ ತರುಣರು ಗಟ್ಟಿ ರಸ್ತೆಯ ಮೇಲೆ ಬರಿಗಾಲಿನಲ್ಲಿ ಹತ್ತಾರು ಮೈಲಿ ಓಡುವುದನ್ನು ಅವರು ಕಂಡರು. ತರಬೇತಿಯಿಲ್ಲದ ಈ ಹುಡುಗರ ವೇಗವು ಯುರೋಪಿನ ಓಟಗಾರರ ವೇಗಕ್ಕೆ ಹೋಲಿಸಬಹುದಾದಂತಿತ್ತು. ಇವರನ್ನು ಒಲಿಂಪಿಕ್ ಕ್ರೀಡೆಗಳಿಗೆ ಏಕೆ ಕಳುಹಿಸಬಾರದು ಎಂಬ ಆಲೋಚನೆಯು ಹೀಗೆ ಹುಟ್ಟಿತು. ದೊರಾಬ್ಜಿಯವರು ತಮ್ಮ ಕೈಯಿಂದ ಹಣ ಕೊಟ್ಟರು. ಬೇರೆಡೆಗಳಿಂದಲೂ ನೆರವು ಕೂಡಿತು. ಓಟಗಾರರೂ ಕುಸ್ತಿಪಟುಗಳೂ ಸೇರಿದ ಪುಟ್ಟ ತಂಡವು 1920ರ ಬೇಸಗೆಯಲ್ಲಿ ಮುಂಬಯಿಯಿಂದ ಹಡಗು ಹತ್ತಿತು. ಯುದ್ಧದ ಅನಂತರ ದೇಶದೇಶಗಳ ಬಾಗಿಲುಗಳಲ್ಲಿ ಕಾಗದಪತ್ರಗಳ ತಪಾಸಣೆಯು ಬಿಗಿಯಾಗಿದ್ದ ಕಾಲವದು. ಭಾರತವನ್ನು ಪ್ರವೇಶಿಸುವವರಲ್ಲಿ ಪಾಸ್‌ಪೋರ್ಟ್ ಇರಬೇಕೆಂದು ನಿಯಮ ಮಾಡಲು ಸರ್ಕಾರಕ್ಕೆ ಅಧಿಕಾರವಿತ್ತ ಕಾನೂನು ಬಂದದ್ದೂ ಅದೇ 1920ರಲ್ಲಿ. ತಂಡವು ನೇರವಾಗಿ ಆಂಟ್‌ವರ್ಪಿಗೆ ಹೋಗದೆ ಲಂಡನ್ನಿನಲ್ಲಿ ಕೆಲವು ವಾರ ತಂಗಿತು. ಅಲ್ಲಿ ಅವರಿಗೆ ತರಬೇತುದಾರರೊಬ್ಬರ ಮಾರ್ಗದರ್ಶನವು ದೊರೆಯಿತು. ದೇಹವು ತಂಪು ಹವೆಗೆ ಒಗ್ಗಿತು.

ಆಗಸ್ಟ್ 22ರಂದು ನಡೆದ ಆ ಓಟದ ದೂರವು 42.75 ಕಿಲೋಮೀಟರು. ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಗೆದ್ದರು. ಕನಾಕುರಿಯವರು 2 ಗಂಟೆ 48 ನಿಮಿಷ 45.4 ಸೆಕೆಂಡುಗಳಲ್ಲಿ ಮುಟ್ಟಿ 16ನೆಯವರಾದರು. ಅವರ ಹಿಂದೆ ಕೇವಲ ಎರಡು ನಿಮಿಷಗಳ ಅಂತರದಲ್ಲಿ, 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ, ಬೆಳಗಾವಿಯ ಚೌಗುಲೆಯವರು 19ನೆಯವರಾಗಿ ಗುರಿ ಮುಟ್ಟಿದರು. ಇಬ್ಬರಿಗೂ ಪದಕವಿಲ್ಲ. ಆದರೆ ಎಂಟು ವರ್ಷಗಳ ಹಿಂದೆ ದಾರಿಯಲ್ಲಿ ಕುಸಿದವರು ಈಗ ಕೊನೆಯ ಗೆರೆಯನ್ನು ದಾಟಿದ್ದರು. ಮೊದಲ ಸಲ ಹೋದ ಚೌಗುಲೆಯವರೂ ಕುಸಿಯದೆ ದಾಟಿದ್ದರು. ಸಿದ್ಧತೆಯ ಫಲವೆಂದರೆ ಇದೇ. ಅದು ಗೆಲುವಿನ ಭರವಸೆಯನ್ನು ಕೊಡುವುದಿಲ್ಲ. ಇರುವ ಶಕ್ತಿಯು ದಾರಿಯಲ್ಲಿ ಸೋರಿಹೋಗದಂತೆ ಕಾಯುತ್ತದೆ.

ಇಂದು ಹಡಗಿನ ಬದಲು ವಿಮಾನ ಬಂದಿದೆ. ವಾರಗಳ ಪ್ರಯಾಣವು ಒಂದು ದಿನಕ್ಕೆ ಇಳಿದಿದೆ. ಒಲಿಂಪಿಕ್ ಕ್ರೀಡಾಪಟುಗಳಷ್ಟೇ ಅಲ್ಲದೆ ಗೃಹಿಣಿಯರೂ ನೌಕರರೂ ಪರದೇಶಗಳ ಮ್ಯಾರಥಾನುಗಳಲ್ಲಿ ಪಾಲ್ಗೊಳ್ಳುತ್ತಾರೆ. ಆದರೂ ಓಟಕ್ಕೆ ಮುಂಚಿನ ದಾರಿ ಕಿರಿದಾಗಿಲ್ಲ. ಧಾರವಾಡದ ಓಟಗಾರ್ತಿಯೊಬ್ಬಳು ಬಾಸ್ಟನ್ ಮ್ಯಾರಥಾನಿನಲ್ಲಿ ಓಡಬೇಕೆಂದು ಸಂಕಲ್ಪಿಸಿದಳೆಂದು ಇಟ್ಟುಕೊಳ್ಳೋಣ. 1897ರಿಂದ ನಡೆದುಬಂದ ಆ ಓಟದಲ್ಲಿ ಸ್ತ್ರೀಯರಿಗೆ ಅಧಿಕೃತವಾಗಿ ಪ್ರವೇಶ ದೊರೆತದ್ದು 1972ರಲ್ಲಿ. ಅದು ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ನಡೆಯುತ್ತದೆ. ಬುದ್ಧಿವಂತೆಯಾದ ಓಟಗಾರ್ತಿಯು ಆ ದಿನವನ್ನು ಪಂಚಾಂಗದಲ್ಲಿ ಗುರುತಿಸಿಕೊಂಡು ಅಲ್ಲಿಂದ ಹಿಂದುಹಿಂದಕ್ಕೆ ಎಣಿಸುತ್ತ ಬರುತ್ತಾಳೆ.

ಮೊದಲನೆಯದು ಪ್ರವೇಶದ ಅರ್ಹತೆ. ವಯಸ್ಸಿಗೆ ತಕ್ಕಂತೆ ಗೊತ್ತುಮಾಡಿದ ಅವಧಿಯೊಳಗೆ, ಪ್ರಮಾಣಿತ ಅಳತೆಯುಳ್ಳ ಬೇರೊಂದು ಮ್ಯಾರಥಾನನ್ನು ಆಕೆ ಮುಗಿಸಿರಬೇಕು. ಹೆಸರು ನೋಂದಾಯಿಸುವುದು ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ. ಅರ್ಹತೆಯಿದ್ದವರೆಲ್ಲರಿಗೂ ಸ್ಥಳ ಸಿಕ್ಕೇ ಸಿಗುತ್ತದೆಂಬ ನೆಚ್ಚಿಕೆಯಿಲ್ಲ. ಆದುದರಿಂದ ಈ ಕಾರ್ಯವು ಒಂದು ವರ್ಷಕ್ಕೂ ಮುಂಚೆಯೇ ಆರಂಭವಾಗಬೇಕು.

ಎರಡನೆಯದು ಪಾಸ್‌ಪೋರ್ಟ್. ನಮ್ಮ ನಾಡಿನಲ್ಲಿ ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ಹೆಸರು ಬರೆಯುವ ರೂಢಿಯಿದೆ. ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಬಗೆ ಇರುವುದುಂಟು. ಪಾಸ್‌ಪೋರ್ಟಿನಲ್ಲಿಯಾದರೋ ಮೊದಲಕ್ಷರಗಳನ್ನು ಬಿಡಿಸಿ ಪೂರ್ಣವಾಗಿ ಬರೆಯಬೇಕು. ಅದರಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಓಟದ ಅರ್ಜಿಯಲ್ಲಿಯೂ ವಿಮಾನದ ಟಿಕೆಟಿನಲ್ಲಿಯೂ ಇರಬೇಕು. ಒಂದಕ್ಷರ ಹೆಚ್ಚುಕಡಿಮೆಯಾದರೂ ಸಾವಿರಾರು ಮೈಲಿ ದೂರದಲ್ಲಿ, ಓಟದ ಹಿಂದಿನ ದಿನ, ಅಧಿಕಾರಿಯ ಮೇಜಿನ ಮುಂದೆ ಕಳವಳಪಡಬೇಕಾದೀತು. ಪ್ರಯಾಣ ಮುಗಿದ ಮೇಲೂ ಪಾಸ್‌ಪೋರ್ಟಿಗೆ ಆರು ತಿಂಗಳ ಆಯುಷ್ಯ ಉಳಿದಿರಬೇಕೆಂದು ಕೇಳುವ ದೇಶಗಳು ಅನೇಕ. ಹಳೆಯದಾಗಿದ್ದರೆ ಮೊದಲೇ ನವೀಕರಿಸಿಕೊಳ್ಳುವುದು ಲೇಸು.

ಮೂರನೆಯದು ವೀಸಾ, ಅಂದರೆ ಆ ದೇಶವನ್ನು ಪ್ರವೇಶಿಸಲು ಕೊಡುವ ಅನುಮತಿ. ಓಟದ ಸಂಘಟಕರು ಸ್ಥಳ ಕೊಟ್ಟ ಮಾತ್ರಕ್ಕೆ ವೀಸಾ ದೊರೆಯುವುದಿಲ್ಲ. ಅದನ್ನು ಕೊಡುವ ಅಧಿಕಾರವು ಆ ದೇಶದ ಸರ್ಕಾರದ್ದು. ಅಮೆರಿಕದ ವೀಸಾಕ್ಕೆ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಬೆರಳಚ್ಚು ಕೊಟ್ಟು, ಸಂದರ್ಶನಕ್ಕೆ ಹಾಜರಾಗಬೇಕಾಗುತ್ತದೆ. ಸಂದರ್ಶನದ ದಿನ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುವುದೂ ಉಂಟು. ಹೋಗುವ ಕಾರಣವೇನು, ಖರ್ಚಿಗೆ ಹಣವೆಲ್ಲಿಯದು, ಹಿಂದಿರುಗಿ ಬರುವಿರೆಂಬುದಕ್ಕೆ ಆಧಾರವೇನು ಎಂಬ ಪ್ರಶ್ನೆಗಳಿಗೆ ನೇರವಾದ, ನಿಜವಾದ ಉತ್ತರ ಸಿದ್ಧವಿರಬೇಕು. ಕೆಲಸದಲ್ಲಿರುವವರು ರಜೆಯ ಪತ್ರವನ್ನೂ ಬ್ಯಾಂಕಿನ ಲೆಕ್ಕಪತ್ರವನ್ನೂ ಜೊತೆಯಲ್ಲಿಟ್ಟುಕೊಳ್ಳುತ್ತಾರೆ. ಬಾಸ್ಟನ್ನಿನ ಬದಲು ಬರ್ಲಿನ್ನಿಗೆ ಹೋಗುವುದಾದರೆ ನಿಯಮಗಳು ಬೇರೆ. ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳ ಒಳಗೆ, 15 ದಿನಗಳಿಗೆ ಕಡಿಮೆಯಾಗದಂತೆ ಅರ್ಜಿ ಹಾಕಬೇಕು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವೆಚ್ಚವನ್ನು ಭರಿಸುವ ವಿಮೆಯನ್ನೂ ಮಾಡಿಸಿರಬೇಕು. ಕೀನ್ಯಾದಂತಹ ದೇಶದಲ್ಲಿ ಓಡಿ ಭಾರತಕ್ಕೆ ಹಿಂದಿರುಗುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಿರಬೇಕು. ಆ ಪತ್ರಕ್ಕೆ ಮಾನ್ಯತೆ ಬರುವುದು ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ಮೇಲೆ.

ಕಾಗದಪತ್ರಗಳ ಈ ಓಡಾಟದ ನಡುವೆಯೇ ದೇಹದ ಸಿದ್ಧತೆಯೂ ಸಾಗಬೇಕು. ಮ್ಯಾರಥಾನಿಗೆ ಸಾಮಾನ್ಯವಾಗಿ ನಾಲ್ಕು ತಿಂಗಳಿನಷ್ಟು ಕ್ರಮವಾದ ಅಭ್ಯಾಸ ಬೇಕು. ವಾರಕ್ಕೊಮ್ಮೆಯ ದೂರದ ಓಟವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ 30 ಕಿಲೋಮೀಟರುಗಳ ಸಮೀಪಕ್ಕೆ ಒಯ್ದು, ಕೊನೆಯ ಎರಡು ಮೂರು ವಾರಗಳಲ್ಲಿ ಅಭ್ಯಾಸವನ್ನು ತಗ್ಗಿಸಿ ದೇಹಕ್ಕೆ ಬಿಡುವು ಕೊಡುತ್ತಾರೆ. ಪರದೇಶಕ್ಕೆ ಹೋಗುವವರು ಅಲ್ಲಿಯ ದಾರಿಯನ್ನೂ ಹವೆಯನ್ನೂ ಮೊದಲೇ ತಿಳಿದಿರಬೇಕು. ಬಾಸ್ಟನ್ನಿನ ದಾರಿಯು ಮೊದಲು ಇಳಿಜಾರು. ದೇಹ ದಣಿದ ಮೇಲೆ ದಿಣ್ಣೆಗಳು ಎದುರಾಗುತ್ತವೆ. 2012ರಲ್ಲಿ ಅಲ್ಲಿಯ ಓಟಗಾರರು ಬಿಸಿಲಿಗೆ ಬೆಂದರು. 2018ರಲ್ಲಿ ಕೊರೆಯುವ ಮಳೆಗಾಳಿಗೆ ನಡುಗಿದರು. ಸ್ಟಾಕ್‌ಹೋಮಿನ ಪಾಠವನ್ನು ನೆನೆದರೆ ಎರಡಕ್ಕೂ ಸಿದ್ಧರಾಗಿರುವುದೇ ವಿವೇಕವೆಂದು ತಿಳಿಯುತ್ತದೆ.

ಬೆಳಗಿನ ತಿಂಡಿಯಿಂದ ಹಿಡಿದು ಕಾಲ್ಚೀಲದವರೆಗೆ, ಓಟದ ದಿನ ಬಳಸುವ ಪ್ರತಿಯೊಂದನ್ನೂ ಅಭ್ಯಾಸದಲ್ಲಿ ಪರೀಕ್ಷಿಸಿರಬೇಕು. ರೊಟ್ಟಿಗೋ ಮುದ್ದೆಗೋ ಒಗ್ಗಿದ ಹೊಟ್ಟೆಯು ಅಪರಿಚಿತ ಆಹಾರವನ್ನು ಓಟದ ದಿನವೇ ಒಪ್ಪಿಕೊಳ್ಳುತ್ತದೆಂದು ನಂಬಲಾಗದು. ಪಳಗಿದ ಪಾದರಕ್ಷೆಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಬೇರೆ ಸಾಮಾನು ತಡವಾಗಿ ಬಂದರೂ ಓಟಕ್ಕೆ ಅಡ್ಡಿಯಾಗದು. ಧಾರವಾಡದಲ್ಲಿ ಸಂಜೆ ಏಳೂವರೆಯಾದಾಗ ಏಪ್ರಿಲ್ ತಿಂಗಳ ಬಾಸ್ಟನ್ನಿನಲ್ಲಿ ಬೆಳಿಗ್ಗೆ ಹತ್ತು ಗಂಟೆ. ಒಂಬತ್ತೂವರೆ ಗಂಟೆಗಳ ಈ ವ್ಯತ್ಯಾಸಕ್ಕೆ ನಿದ್ರೆಯೂ ಹಸಿವೂ ಹೊಂದಿಕೊಳ್ಳಬೇಕು. ಸರಿಸುಮಾರಾಗಿ ಒಂದು ಗಂಟೆಯ ವ್ಯತ್ಯಾಸಕ್ಕೆ ಒಂದು ದಿನ ಬೇಕೆಂದು ಬಲ್ಲವರು ಹೇಳುತ್ತಾರೆ. ಅಷ್ಟು ರಜೆಯೂ ಹಣವೂ ಇಲ್ಲದವರು ಸಾಧ್ಯವಾದಷ್ಟು ಮೊದಲು ತಲುಪಿ, ಅಲ್ಲಿಯ ಹಗಲಿನಲ್ಲಿ ಎಚ್ಚರವಿದ್ದು, ಅಲ್ಲಿಯ ರಾತ್ರಿಯಲ್ಲಿ ಮಲಗುವುದನ್ನು ರೂಢಿಸಿಕೊಳ್ಳುತ್ತಾರೆ. ಓಟದ ಅಂಕಿಯ ಚೀಟಿಯನ್ನು ಹಿಂದಿನ ದಿನದೊಳಗೆ ಖುದ್ದಾಗಿ ಹೋಗಿ ಪಡೆಯಬೇಕು. ಅದರ ಹಿಂಬದಿಯಲ್ಲಿ ಆಪತ್ತಿನಲ್ಲಿ ಯಾರಿಗೆ ಸುದ್ದಿ ಮುಟ್ಟಿಸಬೇಕೆಂಬುದನ್ನು ಮರೆಯದೆ ಬರೆಯಬೇಕು. ದಾರಿಯಲ್ಲಿ ಓಟವನ್ನು ಕೈಬಿಡಬೇಕಾಗಿ ಬಂದರೆ ಅಧಿಕಾರಿಗಳಿಗೆ ತಿಳಿಸದೆ ಹೋಗಬಾರದು. ಹಾಗೆ ಹೋದವರನ್ನು ಎಷ್ಟು ಕಾಲ ಹುಡುಕಬೇಕಾಗಬಹುದೆಂಬುದಕ್ಕೆ ಕನಾಕುರಿಯವರ ಕಥೆಯ ಕೊನೆಯ ಭಾಗವೇ ಸಾಕ್ಷಿ.

1967ರ ಮಾರ್ಚ್ ತಿಂಗಳಲ್ಲಿ ಸ್ವೀಡನ್ನಿನವರು ಕನಾಕುರಿಯವರನ್ನು ಸ್ಟಾಕ್‌ಹೋಮಿಗೆ ಆಹ್ವಾನಿಸಿದರು. ಆಗ ಅವರಿಗೆ 75 ವರ್ಷ. ಸೈಬೀರಿಯದ ದಾರಿಯನ್ನು ಹಿಡಿದು ಹೋಗಿದ್ದ ವಿದ್ಯಾರ್ಥಿಯು ಈಗ ಮಕ್ಕಳು ಮೊಮ್ಮಕ್ಕಳಿಂದ ಕೂಡಿದ ವೃದ್ಧರು. 1912ರ ಅದೇ ಕ್ರೀಡಾಂಗಣದಲ್ಲಿ ಅವರು ಮೆಲ್ಲಮೆಲ್ಲನೆ ಓಡಿ ಕೊನೆಯ ಗೆರೆಯನ್ನು ದಾಟಿದರು. ಅವರ ಓಟದ ಅವಧಿಯನ್ನು ಹೀಗೆ ಘೋಷಿಸಲಾಯಿತು: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು. ಮ್ಯಾರಥಾನಿನ ಇತಿಹಾಸದಲ್ಲಿ ಇದಕ್ಕಿಂತ ನಿಧಾನವಾದ ಓಟ ಇನ್ನೊಂದಿಲ್ಲ. ನೆರೆದವರು ನಕ್ಕರು, ಕನಾಕುರಿಯವರೂ ನಕ್ಕರು. 1983ರಲ್ಲಿ, 92ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಆ ದೀರ್ಘಾವಧಿಯಲ್ಲಿ ಕನಾಕುರಿಯವರು ಸುಮ್ಮನೆ ಕುಳಿತಿರಲಿಲ್ಲ. ತಮಗೆ ಹೇಳಿಕೊಡುವವರು ಯಾರೂ ಇರಲಿಲ್ಲವೆಂಬ ಕೊರತೆಯನ್ನು ಅವರು ತಮ್ಮ ನಂತರದವರಿಗೆ ಉಳಿಸಲಿಲ್ಲ. ಸಹಪಾಠಿಗಳು ಕೂಡಿಸಿ ಕೊಟ್ಟ ಹಣದ ಋಣವನ್ನು ಅವರು ಪದಕದಿಂದ ತೀರಿಸಲಾಗಲಿಲ್ಲ. ಮುಂದೆ ಹೊರಡುವವರ ದಾರಿಯನ್ನು ಹಸನುಮಾಡಿ ತೀರಿಸಿದರು. ನಮ್ಮಲ್ಲಿ ಯಾರಾದರೂ ಮುಂದೊಂದು ದಿನ ಪರದೇಶದ ಓಟದ ಗೆರೆಯ ಬಳಿ ನಿಂತರೆ, ಹೋಗಿಬಂದ ಮೇಲೆ ತಾವು ಕಂಡದ್ದನ್ನು, ಎಡವಿದ್ದನ್ನು ಊರಿನ ಕಿರಿಯರಿಗೆ ತಿಳಿಸಬೇಕು. ಆಗ ಅವರ ಓಟವು ಪೂರ್ಣವಾಗುತ್ತದೆ.

ಅಭ್ಯಾಸ

ಅ. ಈ ಪದಗಳ ಅರ್ಥವನ್ನು ತಿಳಿಯಿರಿ:
ಐತಿಹ್ಯ – ಪರಂಪರೆಯಿಂದ ಹೇಳಿಕೊಂಡು ಬಂದ ಕಥೆ; ದಾರಿಬುತ್ತಿ – ಪ್ರಯಾಣಕ್ಕೆ ಕಟ್ಟಿಕೊಡುವ ಊಟ; ರಹದಾರಿ – ಪ್ರಯಾಣಕ್ಕೆ ಅಪ್ಪಣೆಯ ಪತ್ರ; ಅಸುನೀಗು – ಸಾಯು; ದಿಣ್ಣೆ – ಎತ್ತರದ ನೆಲ; ಹಸನು – ಚೊಕ್ಕಟ, ಅಚ್ಚುಕಟ್ಟು.

ಆ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಮ್ಯಾರಥಾನಿನ ಅಧಿಕೃತ ದೂರವೆಷ್ಟು? ಅದು ಯಾವಾಗ ಗೊತ್ತಾಯಿತು?
2. ಕನಾಕುರಿಯವರಿಗೆ ಪ್ರಯಾಣದ ಹಣವು ಹೇಗೆ ಒದಗಿತು?
3. 1920ರ ಮ್ಯಾರಥಾನಿನಲ್ಲಿ ಚೌಗುಲೆಯವರು ಎಷ್ಟನೆಯವರಾದರು?

ಇ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಸ್ಟಾಕ್‌ಹೋಮಿನಲ್ಲಿ ಆರು ವಾರಗಳ ಬಿಡುವಿದ್ದರೂ ಕನಾಕುರಿಯವರು ಚೇತರಿಸಿಕೊಳ್ಳಲಾಗದೆ ಹೋದುದೇಕೆ?
2. ಪಾಸ್‌ಪೋರ್ಟಿನಲ್ಲಿಯೂ ಓಟದ ಅರ್ಜಿಯಲ್ಲಿಯೂ ಹೆಸರು ಒಂದೇ ಬಗೆಯಾಗಿರಬೇಕು, ಏಕೆ?
3. ಕನಾಕುರಿಯವರು ತಮ್ಮ ಋಣವನ್ನು ತೀರಿಸಿದ ಬಗೆಯನ್ನು ವಿವರಿಸಿರಿ.

ಈ. ನಿಮ್ಮ ಶಾಲೆಯ ತಂಡವು ಬೇರೆ ಜಿಲ್ಲೆಯ ಕ್ರೀಡಾಕೂಟಕ್ಕೆ ಹೊರಡಲಿದೆ. ಆ ದಿನದಿಂದ ಹಿಂದಕ್ಕೆ ಎಣಿಸುತ್ತ, ಯಾವ ಕೆಲಸವನ್ನು ಯಾವಾಗ ಮಾಡಬೇಕೆಂಬ ಪಟ್ಟಿಯೊಂದನ್ನು ಸಿದ್ಧಪಡಿಸಿರಿ.